ಲಿವರ್‌ಗೆ ಹರಡಿದ ನ್ಯೂರೋಎಂಡೋಕ್ರೈನ್ ಕ್ಯಾನ್ಸರ್: ವೈ-90, ಟೇಸ್, ಲುಟೇಷಿಯಂ, ಯಾವುದು ಯಾರಿಗೆ?

ಮೈಸೂರು, ಮಂಡ್ಯ ಕಡೆಯ ರೋಗಿಯ ಫೈಲು ಮೂರು ಆಸ್ಪತ್ರೆ ಸುತ್ತಿ ಬಂದಿರುತ್ತದೆ. ಒಬ್ಬ ಡಾಕ್ಟರು ‘ಗಡ್ಡೆಗಳು ಲಿವರ್‌ನಲ್ಲಿ ಜಾಸ್ತಿ ಇವೆ, ರೇಡಿಯೋಎಂಬೊಲೈಸೇಷನ್ ಮಾಡಿಸಿ’ ಅಂದಿರುತ್ತಾರೆ, ಅಂದರೆ ವೈ-90 ಎಂಬ ವಿಕಿರಣ ಕಣಗಳನ್ನು ಗಡ್ಡೆಯ ರಕ್ತನಾಳಕ್ಕೆ ಬಿಡುವುದು. ಇನ್ನೊಬ್ಬರು ‘ಲುಟೇಷಿಯಂ ಕೊಡೋಣ’ ಅಂದಿರುತ್ತಾರೆ, ಅದು ಡ್ರಿಪ್ಪಿನಲ್ಲಿ ಕೊಡುವ ವಿಕಿರಣ ಔಷಧ. ಮೂರನೆಯವರು ‘ತಿಂಗಳಿಗೊಂದು ಇಂಜೆಕ್ಷನ್ ಹಾಕಿಸಿಕೊಳ್ಳಿ, ಮೂರು ತಿಂಗಳು ಬಿಟ್ಟು ಸ್ಕ್ಯಾನ್ ನೋಡೋಣ, ಅವಸರವೇನಿಲ್ಲ’ ಅಂದಿರುತ್ತಾರೆ. ಇವರಲ್ಲಿ ಯಾರನ್ನು ನಂಬುವುದು ಅಂತ ಮನೆಯವರಿಗೆ ತಲೆ ಕೆಟ್ಟುಹೋಗುತ್ತದೆ. ಎಷ್ಟೋ ಸಲ ಮೂವರು ಹೇಳಿದ್ದೂ ಸರಿಯೇ ಇರುತ್ತದೆ. ಈ ಕಾಯಿಲೆಗೆ ಅಸ್ತ್ರಗಳು ಹಲವು ಇವೆ. ಯಾವುದನ್ನು ಮೊದಲು ಬಳಸಬೇಕು, ಯಾವುದನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಕಾರಣ ಇಷ್ಟೆ. ಲಿವರ್‌ಗೆ ಹರಡಿದ ಬೇರೆ ಹಲವು ಕ್ಯಾನ್ಸರ್‌ಗಳಲ್ಲಿ ತಿಂಗಳುಗಳ ಲೆಕ್ಕ ನಡೆಯುತ್ತದೆ. ಹಾರ್ಮೋನ್ ತಯಾರಿಸುವ ಜೀವಕೋಶಗಳಲ್ಲಿ ಹುಟ್ಟಿ ನಿಧಾನ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆಯಲ್ಲಿ ವರ್ಷಗಳ ಲೆಕ್ಕ. ರೋಗಿ ಬದುಕುವಷ್ಟು ವರ್ಷ ಅವರ ಲಿವರ್ ಕೂಡ ಬಾಳಬೇಕು. ಈ ವರ್ಷ ಗಡ್ಡೆ ಚೆನ್ನಾಗಿ ಕುಗ್ಗಿಸಿದ ಚಿಕಿತ್ಸೆ ಮೂರು ವರ್ಷದ ಮೇಲೆ ಲಿವರ್ ಅನ್ನೇ ಸೊರಗಿಸಿದರೆ ಆ ಲಾಭಕ್ಕೆ ಅರ್ಥವಿಲ್ಲ. ಕೆಳಗಿನ ಹೋಲಿಕೆಯಲ್ಲಿ ಪ್ರತಿ ಚಿಕಿತ್ಸೆಯನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇವೆ.

ಹೋಲಿಸುವ ಮೊದಲು ಫೈಲಿನಲ್ಲಿ ಏನಿರಬೇಕು

ಮೊದಲನೆಯದು ಬಯಾಪ್ಸಿ ವರದಿಯಲ್ಲಿರುವ ಕೆಐ-67 ಸಂಖ್ಯೆ. ಗಡ್ಡೆಯ ಜೀವಕೋಶಗಳಲ್ಲಿ ಶೇಕಡಾ ಎಷ್ಟು ವಿಭಜನೆಯಾಗುತ್ತಿವೆ ಅನ್ನುವುದನ್ನು ಇದು ಹೇಳುತ್ತದೆ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, 3ರಿಂದ 20 ಗ್ರೇಡ್ 2, 20 ದಾಟಿದರೆ ಗ್ರೇಡ್ 3. ಗ್ರೇಡ್ 3ರಲ್ಲೂ ಎರಡು ಬಗೆ. ‘ವೆಲ್ ಡಿಫರೆನ್ಷಿಯೇಟೆಡ್’ ಎಂದಿದ್ದರೆ ಈ ಲೇಖನ ನಿಮಗೂ ಅನ್ವಯಿಸುತ್ತದೆ. ‘ಪೂರ್ಲಿ ಡಿಫರೆನ್ಷಿಯೇಟೆಡ್ ಕಾರ್ಸಿನೋಮ’ ಎಂದಿದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಪ್ಲಾಟಿನಂ-ಎಟೊಪೊಸೈಡ್ ಕಿಮೋ ಮೊದಲು, ಇಲ್ಲಿಯ ಹೋಲಿಕೆ ಉಪಯೋಗಕ್ಕೆ ಬರುವುದಿಲ್ಲ. ಬಯಾಪ್ಸಿ ಹಲವು ವರ್ಷ ಹಳೆಯದಾಗಿದ್ದು ಈಗ ಗಡ್ಡೆ ಏಕಾಏಕಿ ಬೆಳೆಯುತ್ತಿದ್ದರೆ ಲಿವರ್‌ನಿಂದ ಹೊಸದಾಗಿ ಮಾದರಿ ತೆಗೆಸುವ ಬಗ್ಗೆ ಕೇಳಿ. ಬೇರೆ ಊರಿಗೆ ಹೋಗುವಾಗ ವರದಿಯ ಜೆರಾಕ್ಸ್ ಸಾಲದು, ಲ್ಯಾಬಿನಲ್ಲಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್ ಬರೆದುಕೊಟ್ಟು ತೆಗೆದುಕೊಂಡು ಹೋಗಿ. ಅದಿಲ್ಲದೆ ಹೋಗಿ ವಾಪಸ್ ಬರುವವರೇ ಹೆಚ್ಚು.

ಎರಡನೆಯದು ಡೋಟಾ ಸ್ಕ್ಯಾನ್, ಅಂದರೆ ಗ್ಯಾಲಿಯಂ-68 ಡೋಟಾಟೇಟ್ ಪೆಟ್-ಸಿಟಿ. ಗಡ್ಡೆಯ ಮೇಲೆ ಸೊಮಾಟೊಸ್ಟಾಟಿನ್ ರಿಸೆಪ್ಟರ್ (ಆ ಹೆಸರಿನ ಹಾರ್ಮೋನ್ ಅಂಟಿಕೊಳ್ಳುವ ಕೊಂಡಿ) ಇದೆಯೇ ಎಂದು ಇದು ತೋರಿಸುತ್ತದೆ. ಗಡ್ಡೆ ಒಳ್ಳೆಯ ಲಿವರ್ ಭಾಗಕ್ಕಿಂತ ಗಾಢವಾಗಿ ಬೆಳಗಿದರೆ ಲುಟೇಷಿಯಂಗೆ ದಾರಿ ಇದೆ; ಬೆಳಗದಿದ್ದರೆ ಇಲ್ಲ. ಕಾಯಿಲೆ ಲಿವರ್‌ನಲ್ಲಷ್ಟೇ ಇದೆಯೋ, ಮೂಳೆಗೆ, ಹೊಟ್ಟೆಯ ಪೊರೆಗೆ ಹೋಗಿದೆಯೋ ಅನ್ನುವುದೂ ಇದೇ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ವೇಗವಾಗಿ ಬೆಳೆಯುವ ಗಡ್ಡೆಗೆ ಸಾಮಾನ್ಯ ಎಫ್‌ಡಿಜಿ ಪೆಟ್ ಕೂಡ ಬರೆಯುತ್ತಾರೆ. ಡೋಟಾದಲ್ಲಿ ಮಂಕಾಗಿದ್ದು ಎಫ್‌ಡಿಜಿಯಲ್ಲಿ ಬೆಳಗುವ ಗಡ್ಡೆ ಹೆಚ್ಚು ತಂಟೆಯದು.

ಮೂರನೆಯದು ಲಿವರ್‌ನ ಶಕ್ತಿ: ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್, ಹೊಟ್ಟೆಯಲ್ಲಿ ನೀರಿದೆಯೇ ಇಲ್ಲವೇ. ಜೊತೆಗೆ ಮೂರು ಹಂತದ ಸಿಟಿ ಅಥವಾ ಎಂಆರ್‌ಐ, ಅದರಲ್ಲಿ ಲಿವರ್‌ನ ಎಷ್ಟು ಭಾಗ ಗಡ್ಡೆ ಹಿಡಿದಿದೆ ಅನ್ನುವ ಅಂದಾಜು. ವರದಿಯಲ್ಲಿ ಆ ಅಂದಾಜು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕಾಲು ಭಾಗ, ಅರ್ಧ, ಮುಕ್ಕಾಲು, ಇಷ್ಟು ಗೊತ್ತಾದರೂ ಮಾತುಕತೆಯೇ ಬೇರೆಯಾಗುತ್ತದೆ.

ನಾಲ್ಕನೆಯದು ಹಾರ್ಮೋನ್. ಮುಖ ಕೆಂಪಾಗಿ ಬಿಸಿಯೇರುವುದು, ದಿನಕ್ಕೆ ಎಂಟು-ಹತ್ತು ಸಲ ಭೇದಿ, ಸಕ್ಕರೆ ದಿಢೀರ್ ಕುಸಿಯುವುದು ಇದ್ದರೆ ಚಿಕಿತ್ಸೆಯ ಆಯ್ಕೆ ಬದಲಾಗುತ್ತದೆ. ಇಲ್ಲಿ ಎರಡು ಟೆಸ್ಟ್‌ಗಳು ಸುಳ್ಳು ಹೇಳುವುದುಂಟು. ಕ್ರೋಮೊಗ್ರಾನಿನ್-ಎ ಪ್ಯಾಂಟೊಪ್ರಜೋಲ್ ತರಹದ ಗ್ಯಾಸ್ ಮಾತ್ರೆ ನುಂಗುವವರಲ್ಲಿ ಸುಮ್ಮನೆ ಏರಿರುತ್ತದೆ, ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. 24 ಗಂಟೆಯ ಮೂತ್ರದ 5-ಎಚ್‌ಐಎಎ ಟೆಸ್ಟ್‌ಗೆ ಮೂರು ದಿನ ಮೊದಲಿಂದ ಬಾಳೆಹಣ್ಣು, ಟೊಮ್ಯಾಟೊ, ಅನಾನಸ್, ಬದನೆಕಾಯಿ, ಅಕ್ರೋಟ್ ಬಿಡಬೇಕು. ನಂಜನಗೂಡು ರಸಬಾಳೆಗೂ ವಿನಾಯಿತಿ ಇಲ್ಲ. ಹಾರ್ಮೋನ್ ಲಕ್ಷಣ ಇರುವವರಿಗೆ ಹೃದಯದ ಎಕೋ ಕೂಡ ಬೇಕು. ಗಡ್ಡೆ ಬಿಡುವ ಸೆರೊಟೊನಿನ್ ಎಂಬ ಹಾರ್ಮೋನ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಬಲಭಾಗದ ಕವಾಟಗಳು ದಪ್ಪವಾಗಿ ಸೋರುತ್ತವೆ, ಅಂಥವರಿಗೆ ಯಾವ ಪ್ರೊಸೀಜರ್ ಆದರೂ ಅಪಾಯ ಹೆಚ್ಚು.

ಇವೆಲ್ಲ ಆದಮೇಲೆ ದುಡ್ಡು ಮತ್ತು ದೂರ. ಅದಕ್ಕೆ ಕೊನೆಯಲ್ಲಿ ಬರೋಣ.

ಗಡ್ಡೆ ಕುಗ್ಗಿತು ಅಂದರೆ ಆಯಸ್ಸು ಹೆಚ್ಚಿತು ಅಂತಲೇ?

ಅಲ್ಲ. ಜಾಲತಾಣದಲ್ಲಿ ಅಂಕಿಅಂಶ ಓದಿ ತಲೆ ಕೆಡಿಸಿಕೊಳ್ಳುವವರು ಹೆಚ್ಚಾಗಿ ಜಾರುವ ಜಾಗ ಇದು.

ಸ್ಕ್ಯಾನ್‌ನಲ್ಲಿ ಫಲಿತಾಂಶ ಅಳೆಯಲು ರೆಸಿಸ್ಟ್ ಎಂಬ ನಿಯಮ ಇದೆ. ಆರಿಸಿಕೊಂಡ ಗಡ್ಡೆಗಳ ಉದ್ದವನ್ನು ಕೂಡಿಸಿ, ಅದು ಶೇ 30ರಷ್ಟು ಇಳಿದರೆ ‘ಪಾರ್ಷಿಯಲ್ ರೆಸ್ಪಾನ್ಸ್’, ಶೇ 20ರಷ್ಟು ಏರಿದರೆ ‘ಪ್ರೊಗ್ರೆಷನ್’, ನಡುವೆ ಇದ್ದರೆ ‘ಸ್ಟೇಬಲ್’. ರೇಡಿಯೋಎಂಬೊಲೈಸೇಷನ್ ಆದಮೇಲೆ ಗಡ್ಡೆಯ ಒಳಭಾಗ ಸತ್ತಿರುತ್ತದೆ, ಆದರೆ ಹೊರ ಅಳತೆ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಮೊದಲ ಕೆಲವು ವಾರ ಊತದಿಂದ ಸ್ವಲ್ಪ ದೊಡ್ಡದಾಗಿ ಕಾಣುವುದೂ ಉಂಟು. ಅದಕ್ಕೇ ರಕ್ತ ಹರಿಯುತ್ತಿರುವ ಜೀವಂತ ಭಾಗವನ್ನಷ್ಟೇ ಅಳೆಯುವ ಎಂ-ರೆಸಿಸ್ಟ್ ಎಂಬ ಇನ್ನೊಂದು ಅಳತೆಗೋಲು ಬಂತು.

ಎರಡು ಅಳತೆಗೋಲಿನ ವ್ಯತ್ಯಾಸ ಎಷ್ಟು ಅನ್ನುವುದನ್ನು ಬ್ರಾಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ನೋಡಬಹುದು. ವೈ-90 ತುಂಬಿದ ರಾಳದ ಕಣಗಳಿಂದ ಚಿಕಿತ್ಸೆ ಪಡೆದ 244 ರೋಗಿಗಳ ಅದೇ ಸ್ಕ್ಯಾನ್‌ಗಳನ್ನು ರೆಸಿಸ್ಟ್‌ನಲ್ಲಿ ಅಳೆದರೆ ಶೇ 16 ಮಂದಿಗೆ ಗಡ್ಡೆ ಕುಗ್ಗಿತ್ತು. ಎಂ-ರೆಸಿಸ್ಟ್‌ನಲ್ಲಿ ಅಳೆದರೆ ಶೇ 43. ರೋಗಿಗಳೂ ಅವರೇ, ಚಿಕಿತ್ಸೆಯೂ ಅದೇ. ಎರಡರಲ್ಲೂ ಬದಲಾಗದ ಒಂದು ಅಂಕಿ ಇದೆ: ಗಡ್ಡೆ ಬೆಳೆಯದೆ ಹತೋಟಿಯಲ್ಲಿ ಇದ್ದವರು ಸುಮಾರು ಶೇ 91. ಆದ್ದರಿಂದ ಯಾರಾದರೂ ‘ನಮ್ಮಲ್ಲಿ ಶೇ 60 ರೆಸ್ಪಾನ್ಸ್’ ಅಂದರೆ ಯಾವ ಅಳತೆಗೋಲಿನಲ್ಲಿ, ಎಷ್ಟನೇ ತಿಂಗಳಲ್ಲಿ ಎಂದು ಕೇಳಿ.

ಆಯಸ್ಸಿನ ಅಂಕಿ ಇನ್ನೂ ಜಾರುವ ನೆಲ. ಕೆನಡಿ ಮತ್ತು ಸಂಗಡಿಗರ 2008ರ ವರದಿಯಲ್ಲಿ ವೈ-90 ಪಡೆದ 148 ರೋಗಿಗಳ ಮೀಡಿಯನ್ ಆಯುಷ್ಯ (ಅರ್ಧದಷ್ಟು ಮಂದಿ ದಾಟಿದ ಅವಧಿ) 70 ತಿಂಗಳು. ಹಲವು ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಬಂದ ವಿಶ್ಲೇಷಣೆಯಲ್ಲಿ 28.5 ತಿಂಗಳು, ಗಡ್ಡೆ ಕುಗ್ಗಿದವರು ಅರ್ಧದಷ್ಟು. ಬ್ರಾಟ್ ಅಧ್ಯಯನದಲ್ಲಿ ಒಟ್ಟು 2.6 ವರ್ಷ, ಗ್ರೇಡ್ ಪ್ರಕಾರ ಬಿಡಿಸಿದರೆ ಗ್ರೇಡ್ 1ಕ್ಕೆ 3.7, ಗ್ರೇಡ್ 2ಕ್ಕೆ 2.7, ಗ್ರೇಡ್ 3ಕ್ಕೆ 0.7 ವರ್ಷ. ಒಂದೇ ಚಿಕಿತ್ಸೆಗೆ ಇಷ್ಟು ಅಂತರ ಯಾಕೆ? ಒಂದು ಕಡೆ ಕಾಯಿಲೆ ಲಿವರ್‌ನಲ್ಲಷ್ಟೇ ಇದ್ದವರು ಹೆಚ್ಚು, ಇನ್ನೊಂದು ಕಡೆ ಎಲ್ಲ ಔಷಧಿ ಮುಗಿಸಿ ಕೊನೆಗೆ ಬಂದವರು ಹೆಚ್ಚು. ಆಯಸ್ಸನ್ನು ಮುಖ್ಯವಾಗಿ ನಿರ್ಧರಿಸುವುದು ಗ್ರೇಡ್, ಲಿವರ್‌ನಲ್ಲಿ ಗಡ್ಡೆಯ ಪಾಲು, ಲಿವರ್‌ನ ಹೊರಗಿನ ಕಾಯಿಲೆ ಮತ್ತು ಬಿಲಿರುಬಿನ್-ಆಲ್ಬುಮಿನ್. ವೈ-90 ಮಾಡಿಸಿದವರು ಟೇಸ್ (ಗಡ್ಡೆಯ ರಕ್ತನಾಳಕ್ಕೆ ಕಿಮೋ ಬಿಟ್ಟು ಮುಚ್ಚುವುದು) ಮಾಡಿಸಿದವರಿಗಿಂತ ಹೆಚ್ಚು ವರ್ಷ ಬದುಕುತ್ತಾರೆಂದು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿದ ಯಾವ ದೊಡ್ಡ ಪ್ರಯೋಗವೂ ಸಾಬೀತು ಮಾಡಿಲ್ಲ.

ಲುಟೇಷಿಯಂಗೆ ಅಂಥ ಪ್ರಯೋಗ ಇದೆ, ಅಲ್ಲಿಯೂ ಇದೇ ತೊಡಕು. ನೆಟ್ಟರ್-1 ಪ್ರಯೋಗದಲ್ಲಿ 20ನೇ ತಿಂಗಳಿಗೆ ಕಾಯಿಲೆ ಮುಂದುವರಿಯದೆ ಇದ್ದವರು ಲುಟೇಷಿಯಂ ಗುಂಪಿನಲ್ಲಿ ಶೇ 65.2, ಹೆಚ್ಚು ಡೋಸ್‌ನ ಆಕ್ಟ್ರಿಯೋಟೈಡ್ (ತಿಂಗಳ ಇಂಜೆಕ್ಷನ್) ಗುಂಪಿನಲ್ಲಿ ಶೇ 10.8. ಭಾರಿ ಅಂತರ. ಆದರೆ ರೆಸಿಸ್ಟ್ ಪ್ರಕಾರ ಗಡ್ಡೆ ಕುಗ್ಗಿದ್ದು ಶೇ 18 ಮಂದಿಗೆ ಮಾತ್ರ. ಕೊನೆಯ ಲೆಕ್ಕದಲ್ಲಿ ಮೀಡಿಯನ್ ಆಯುಷ್ಯ 48 ತಿಂಗಳು ವಿರುದ್ಧ 36.3 ತಿಂಗಳು, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಎರಡನೇ ಗುಂಪಿನವರಲ್ಲಿ ಹಲವರು ಆಮೇಲೆ ತಾವೂ ಲುಟೇಷಿಯಂ ಪಡೆದಿದ್ದರು. ಹಾಗಾಗಿ ಇಲ್ಲಿ ‘ಸ್ಟೇಬಲ್’ ಅನ್ನುವ ಪದವನ್ನು ಸೋಲು ಎಂದು ಓದಬೇಡಿ. ನಿಂತಲ್ಲೇ ನಿಂತ ಗಡ್ಡೆ ಈ ಕಾಯಿಲೆಯಲ್ಲಿ ಒಳ್ಳೆಯ ಸುದ್ದಿಯೇ.

ತಿಂಗಳ ಇಂಜೆಕ್ಷನ್ ಮತ್ತು ಕಾಯುವಿಕೆ

ಡೋಟಾದಲ್ಲಿ ಬೆಳಗುವ, ನಿಧಾನ ಬೆಳೆಯುವ ಗಡ್ಡೆಗೆ ಸಾಮಾನ್ಯವಾಗಿ ಮೊದಲ ಹೆಜ್ಜೆ ಆಕ್ಟ್ರಿಯೋಟೈಡ್ ಎಲ್‌ಎಆರ್ 30 ಮಿಲಿಗ್ರಾಂ ಅಥವಾ ಲ್ಯಾನ್ರಿಯೋಟೈಡ್ 120 ಮಿಲಿಗ್ರಾಂ, 28 ದಿನಕ್ಕೊಮ್ಮೆ. ಪ್ರಾಮಿಡ್ ಪ್ರಯೋಗದಲ್ಲಿ ಆಕ್ಟ್ರಿಯೋಟೈಡ್ ಗಡ್ಡೆಯನ್ನು 14.3 ತಿಂಗಳು ತಡೆದಿತ್ತು, ಖಾಲಿ ಇಂಜೆಕ್ಷನ್ 6 ತಿಂಗಳು. ಕ್ಲಾರಿನೆಟ್ ಪ್ರಯೋಗದಲ್ಲಿ ಲ್ಯಾನ್ರಿಯೋಟೈಡ್ ಗುಂಪಿನ ಶೇ 65 ಮಂದಿ ಎರಡು ವರ್ಷ ಕಾಯಿಲೆ ಮುಂದುವರಿಯದೆ ಇದ್ದರು. ಗಡ್ಡೆ ಕುಗ್ಗುವುದು ಅಪರೂಪ. ಭೇದಿ ಮತ್ತು ಮುಖ ಕೆಂಪಾಗುವುದು ಚೆನ್ನಾಗಿ ಇಳಿಯುತ್ತದೆ.

ಇದರ ದೊಡ್ಡ ಅನುಕೂಲ ಊರಲ್ಲೇ ಹಾಕಿಸಿಕೊಳ್ಳಬಹುದು. ಆದರೆ ಹಾಕುವ ಕೈ ಪಳಗಿರಬೇಕು. ಆಕ್ಟ್ರಿಯೋಟೈಡ್ ಎಲ್‌ಎಆರ್ ಪುಡಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಮೆಡಿಕಲ್ ಶಾಪಿನಿಂದ ಐಸ್ ಪ್ಯಾಕ್ ಸಮೇತ ತನ್ನಿ. ಹಾಕುವ ಅರ್ಧ-ಮುಕ್ಕಾಲು ಗಂಟೆ ಮೊದಲು ಹೊರಗಿಡಬೇಕು, ದ್ರವ ಹಾಕಿದಮೇಲೆ ಪುಡಿ ಪೂರ್ತಿ ನೆನೆಯುವವರೆಗೆ ಐದು ನಿಮಿಷ ಅಲುಗಿಸಬಾರದು, ಆಮೇಲೆ ಹಾಲಿನ ಬಣ್ಣ ಬರುವಂತೆ ಮೆಲ್ಲಗೆ ಅಲ್ಲಾಡಿಸಿ ತಕ್ಷಣ ಪೃಷ್ಠದ ಸ್ನಾಯುವಿಗೆ ಕೊಡಬೇಕು. ನರ್ಸ್ ಮೊದಲೇ ಕಲೆಸಿಟ್ಟು ಚೀಟಿ ಬರೆಯಲು ಕೂತರೆ ಪುಡಿ ತಳಕ್ಕೆ ಇಳಿದು ಸೂಜಿ ಕಟ್ಟಿಕೊಳ್ಳುತ್ತದೆ, ದುಬಾರಿ ಡೋಸು ಅರ್ಧ ಸಿರಿಂಜಿನಲ್ಲೇ ಉಳಿಯುತ್ತದೆ. ಲ್ಯಾನ್ರಿಯೋಟೈಡ್ ತುಂಬಿದ ಸಿರಿಂಜಿನಲ್ಲೇ ಬರುವುದರಿಂದ ಈ ತಾಪತ್ರಯ ಇಲ್ಲ. ಎರಡರಲ್ಲೂ ಪಿತ್ತಕೋಶದ ಕಲ್ಲು, ಜಿಡ್ಡಿನ ಮಲ, ಸಕ್ಕರೆ ಏರುಪೇರು ಬರಬಹುದು.

ಟೇಸ್ ಮತ್ತು ಬರೀ ಎಂಬೊಲೈಸೇಷನ್

ಒಳ್ಳೆಯ ಲಿವರ್ ಭಾಗಕ್ಕೆ ಮುಕ್ಕಾಲು ಪಾಲು ರಕ್ತ ಪೋರ್ಟಲ್ ರಕ್ತನಾಳದಿಂದ ಬರುತ್ತದೆ; ಗಡ್ಡೆಗೆ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯಿಂದ. ತೊಡೆ ಅಥವಾ ಮಣಿಕಟ್ಟಿನಿಂದ ತೆಳು ನಳಿಕೆ ಒಳಬಿಟ್ಟು ಅಪಧಮನಿಯ ಆ ಕವಲನ್ನು ಕಣಗಳಿಂದ ಮುಚ್ಚಿದರೆ ಗಡ್ಡೆ ಹಸಿದು ಸಾಯುತ್ತದೆ. ಬರೀ ಕಣ ಬಿಟ್ಟರೆ ಬ್ಲ್ಯಾಂಡ್ ಎಂಬೊಲೈಸೇಷನ್, ಡಾಕ್ಸೊರುಬಿಸಿನ್‌ನಂಥ ಕಿಮೋ ಮತ್ತು ಲಿಪಿಯೋಡಾಲ್ ಎಣ್ಣೆ ಸೇರಿಸಿದರೆ ಟೇಸ್.

ಹಾರ್ಮೋನ್ ಲಕ್ಷಣ ಬೇಗ ಇಳಿಸಬೇಕಾದಾಗ ಇದು ಒಳ್ಳೆಯದು. ಖರ್ಚು ವೈ-90ಗಿಂತ ಬಹಳ ಕಡಿಮೆ, ಮತ್ತೆ ಮಾಡಿಸಬಹುದು, ವಿಕಿರಣದ ಲೆಕ್ಕ ಇಲ್ಲ. ಬೆಲೆ ತೆರುವುದು ನೋವಿನಲ್ಲಿ: ಮೂರು-ನಾಲ್ಕು ದಿನ ಅಡ್ಮಿಷನ್, ಒಂದು ವಾರ ಜ್ವರ, ಬಲಪಕ್ಕೆ ನೋವು, ವಾಕರಿಕೆ. ಎರಡೂ ಭಾಗದಲ್ಲಿ ಗಡ್ಡೆ ಇದ್ದರೆ ನಾಲ್ಕಾರು ವಾರದ ಅಂತರದಲ್ಲಿ ಒಂದೊಂದೇ ಭಾಗ ಮಾಡುತ್ತಾರೆ. ಒಟ್ಟಿಗೆ ಮುಗಿಸಿಬಿಡಿ ಎಂದು ಒತ್ತಾಯಿಸಬೇಡಿ.

ಔಷಧ ತುಂಬಿದ ಮಣಿಗಳನ್ನು ಬಳಸುವ ಡೆಬ್-ಟೇಸ್ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ: ಈ ಕಾಯಿಲೆಯಲ್ಲಿ ಬೇಡ. ಸಿರೋಸಿಸ್ ಇಲ್ಲದ ಲಿವರ್‌ನಲ್ಲಿ ಈ ಮಣಿಗಳು ಪಿತ್ತನಾಳಕ್ಕೆ ರಕ್ತ ಕೊಡುವ ಸಣ್ಣ ನಾಳಗಳನ್ನೂ ಸುಟ್ಟುಹಾಕುತ್ತವೆ, ಪಿತ್ತ ಸೋರಿ ಲಿವರ್ ಒಳಗೆ ನಿಲ್ಲುತ್ತದೆ. ಮೂರು ವಿಧಾನಗಳನ್ನು ಹೋಲಿಸಿದ ರೆಟ್‌ನೆಟ್ ಪ್ರಯೋಗದಲ್ಲಿ ಗಂಭೀರ ತೊಂದರೆ ಕಂಡಿದ್ದರಿಂದ ಡೆಬ್ ಗುಂಪನ್ನು ಮಧ್ಯದಲ್ಲೇ ನಿಲ್ಲಿಸಿದರು.

ಪ್ಯಾಂಕ್ರಿಯಾಸ್‌ನ ವಿಪಲ್ ಆಪರೇಷನ್ ಆದವರು, ಪಿತ್ತನಾಳಕ್ಕೆ ಸ್ಟೆಂಟ್ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅವರ ಪಿತ್ತನಾಳಕ್ಕೂ ಕರುಳಿಗೂ ನಡುವಿನ ಬಾಗಿಲು ಹೋಗಿರುತ್ತದೆ, ಕರುಳಿನ ಬ್ಯಾಕ್ಟೀರಿಯ ಲಿವರ್‌ವರೆಗೆ ಬಂದು ಕೂತಿರುತ್ತದೆ. ಟೇಸ್‌ನಲ್ಲಿ ಸತ್ತ ಗಡ್ಡೆ ಕೀವಾಗುವ ಅಪಾಯ ಇವರಿಗೆ ಬಹಳ ಹೆಚ್ಚು. ವೈ-90ನಲ್ಲಿ ಕಡಿಮೆ, ಆದರೆ ಇಲ್ಲದೆ ಇಲ್ಲ; ಮುಂಚಿತವಾಗಿ ಆಂಟಿಬಯಾಟಿಕ್ ಕೊಡುತ್ತಾರೆ. ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ ಮರೆಯದೆ ತೋರಿಸಿ.

ವೈ-90 ರೇಡಿಯೋಎಂಬೊಲೈಸೇಷನ್

ಇಲ್ಲಿ ಕಣಗಳು ರಕ್ತ ತಡೆಯುವುದಕ್ಕಿಂತ ವಿಕಿರಣ ಹೊತ್ತೊಯ್ಯುವ ಕೆಲಸ ಮಾಡುತ್ತವೆ. ಇಟ್ರಿಯಂ-90 ಬೀಟಾ ಕಿರಣ ಬಿಡುತ್ತದೆ, ಅರ್ಧಾಯು ಸುಮಾರು 64 ಗಂಟೆ. ಕಿರಣ ಅಂಗಾಂಶದಲ್ಲಿ ಸರಾಸರಿ 2.5 ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ. ಎರಡು ಬಗೆಯ ಕಣ ಬಳಕೆಯಲ್ಲಿವೆ. ಗಾಜಿನವು 20ರಿಂದ 30 ಮೈಕ್ರಾನ್, ಒಂದೊಂದರಲ್ಲೂ ವಿಕಿರಣ ಹೆಚ್ಚು, ಆದ್ದರಿಂದ ಕಡಿಮೆ ಕಣ ಸಾಕು. ರಾಳದವು 20ರಿಂದ 60 ಮೈಕ್ರಾನ್, ಒಂದೊಂದರಲ್ಲಿ ವಿಕಿರಣ ಕಡಿಮೆ, ಆದ್ದರಿಂದ ಕಣಗಳ ಸಂಖ್ಯೆ ಹೆಚ್ಚು. ನ್ಯೂರೋಎಂಡೋಕ್ರೈನ್ ಗಡ್ಡೆಗೆ ರಕ್ತ ಹೇರಳವಾಗಿ ಹರಿಯುವುದರಿಂದ ಎರಡೂ ಚೆನ್ನಾಗಿ ಹೋಗಿ ಕೂರುತ್ತವೆ. ಯಾವ ಕಣ ಎನ್ನುವುದಕ್ಕಿಂತ ಡೋಸ್ ಲೆಕ್ಕ ಹಾಕುವ ತಂಡ ಎಷ್ಟು ಪಳಗಿದೆ ಎನ್ನುವುದು ಮುಖ್ಯ.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ದಿನ ಆಂಜಿಯೋಗ್ರಾಮ್ ಮಾಡಿ ಲಿವರ್‌ನ ರಕ್ತನಾಳಗಳ ನಕ್ಷೆ ತೆಗೆಯುತ್ತಾರೆ. ಹೊಟ್ಟೆ, ಡ್ಯುಯೊಡಿನಂ ಕಡೆ ಹೋಗುವ ಕವಲು ಹತ್ತಿರದಲ್ಲೇ ಇದ್ದರೆ ಕಾಯಿಲ್ ಇಟ್ಟು ಮುಚ್ಚುತ್ತಾರೆ. ಕಣ ಅಲ್ಲಿಗೆ ಜಾರಿದರೆ ವಾಸಿಯಾಗದ ಹುಣ್ಣು ಆಗುತ್ತದೆ. ನಂತರ ಟೆಕ್ನೀಷಿಯಂ ಸೇರಿಸಿದ ಎಂಎಎ ಎಂಬ ಪರೀಕ್ಷಾ ಕಣ ಬಿಟ್ಟು ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ನೋಡುತ್ತಾರೆ: ಎಷ್ಟು ಗಡ್ಡೆಗೆ ಹೋಯಿತು, ಎಷ್ಟು ಸೋರಿ ಶ್ವಾಸಕೋಶಕ್ಕೆ ಹೋಯಿತು. ಶ್ವಾಸಕೋಶಕ್ಕೆ ಬೀಳುವ ಡೋಸ್ ಒಂದು ಸಲಕ್ಕೆ 30 ಗ್ರೇ (ವಿಕಿರಣದ ಅಳತೆ), ಜೀವಮಾನಕ್ಕೆ 50 ಗ್ರೇ ಮೀರಬಾರದು. ಸೋರಿಕೆ ಜಾಸ್ತಿ ಇದ್ದರೆ ಡೋಸ್ ಇಳಿಸುತ್ತಾರೆ ಅಥವಾ ಕೈಬಿಡುತ್ತಾರೆ. ಅಂದರೆ ಮೊದಲ ಹಂತದ ಖರ್ಚು ಮಾಡಿದಮೇಲೂ ‘ಆಗುವುದಿಲ್ಲ’ ಎಂಬ ಉತ್ತರ ಬರಬಹುದು, ಮನಸ್ಸು ಅದಕ್ಕೆ ಸಿದ್ಧವಿರಲಿ.

ಒಂದೆರಡು ವಾರದ ಮೇಲೆ ಅಸಲಿ ಡೋಸ್. ಅದೇ ದಿನ ಅಥವಾ ಮರುದಿನ ಮನೆಗೆ. ಟೇಸ್‌ಗೆ ಹೋಲಿಸಿದರೆ ಜ್ವರ, ನೋವು ಕಡಿಮೆ. ಸುಸ್ತು ಮಾತ್ರ ಎರಡರಿಂದ ನಾಲ್ಕು ವಾರ ಕಾಡುತ್ತದೆ. ಹಾರ್ಮೋನ್ ಬಿಡುವ ಗಡ್ಡೆ ಇದ್ದರೆ ಪ್ರೊಸೀಜರ್‌ಗೆ ಮುಂಚೆಯೇ ಆಕ್ಟ್ರಿಯೋಟೈಡ್ ರಕ್ಷಣೆ ಕೊಡಬೇಕು. ಇಲ್ಲದಿದ್ದರೆ ಗಡ್ಡೆ ಒಮ್ಮೆಲೇ ಹಾರ್ಮೋನ್ ಸುರಿದು ಬಿಪಿ ಕುಸಿಯುವ ಕಾರ್ಸಿನಾಯ್ಡ್ ಕ್ರೈಸಿಸ್ ಬರಬಹುದು. ಈ ಮಾತು ಟೇಸ್‌ಗೂ ಅನ್ವಯ.

ಫಲಿತಾಂಶದ ಸ್ಕ್ಯಾನ್ ಮೂರು ತಿಂಗಳಿಗೆ ಮಾಡಿಸಿ. ಒಂದೇ ತಿಂಗಳಿಗೆ ಮಾಡಿಸಿ ‘ದೊಡ್ಡದಾಗಿದೆ’ ಎಂದು ಗಾಬರಿಯಾಗುವುದು ಬೇಡ.

ಈಗ ನಷ್ಟದ ಪುಟ. ಬಿಲಿರುಬಿನ್ 2 ದಾಟಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ. ಒಳ್ಳೆಯ ಲಿವರ್ ಭಾಗಕ್ಕೆ ಬೀಳುವ ಸರಾಸರಿ ಡೋಸ್ ರಾಳದ ಕಣದಲ್ಲಿ 40 ಗ್ರೇ ಆಸುಪಾಸು ಮೀರದಂತೆ ನೋಡಿಕೊಳ್ಳುತ್ತಾರೆ. ಹೆಚ್ಚಾದರೆ ನಾಲ್ಕರಿಂದ ಎಂಟು ವಾರದಲ್ಲಿ ಕಾಮಾಲೆ, ಹೊಟ್ಟೆ ಉಬ್ಬರ ಬರುವ ವಿಕಿರಣಜನ್ಯ ಲಿವರ್ ಕಾಯಿಲೆ ಕಾಣಿಸಬಹುದು. ಇದು ಅಪರೂಪ. ಅದಕ್ಕಿಂತ ಕಡಿಮೆ ಮಾತಾಡುವ, ಹೆಚ್ಚು ಮಾತಾಡಬೇಕಾದ ವಿಷಯ ದೂರಗಾಮಿ ಹಾನಿ. ಲಿವರ್‌ನ ಎರಡೂ ಭಾಗಕ್ಕೆ ವೈ-90 ಪಡೆದು ವರ್ಷಗಟ್ಟಲೆ ಬದುಕಿದ ನ್ಯೂರೋಎಂಡೋಕ್ರೈನ್ ರೋಗಿಗಳಲ್ಲಿ ಲಿವರ್ ಸುಕ್ಕುಗಟ್ಟಿ ಸಿರೋಸಿಸ್‌ನಂತೆ ಕಾಣುವುದು, ನೀರು ತುಂಬುವುದು, ಅನ್ನನಾಳದ ನಾಳಗಳು ಉಬ್ಬುವುದು ದಾಖಲಾಗಿವೆ. ಬೇರೆ ಕ್ಯಾನ್ಸರ್‌ಗಳಲ್ಲಿ ರೋಗಿ ಅಷ್ಟು ವರ್ಷ ಉಳಿಯದ ಕಾರಣ ಇದು ಹೆಚ್ಚು ಕಣ್ಣಿಗೆ ಬೀಳಲಿಲ್ಲ. ಹಾಗಾಗಿ 45 ವಯಸ್ಸಿನ, ಗ್ರೇಡ್ 1ರ, ಎರಡೂ ಭಾಗದಲ್ಲಿ ಸಣ್ಣ ಸಣ್ಣ ಗಡ್ಡೆಗಳಿರುವ ರೋಗಿಗೆ ಮೊದಲ ಚಿಕಿತ್ಸೆಯಾಗಿಯೇ ಇಡೀ ಲಿವರ್‌ಗೆ ವೈ-90 ಎಂದರೆ ನಾವು ಎರಡನೇ ಅಭಿಪ್ರಾಯ ಕೇಳಿ ಎನ್ನುತ್ತೇವೆ. ಅದೇ ರೋಗಿಗೆ ಗಡ್ಡೆಗಳು ಬಲಭಾಗದ ಒಂದೆರಡು ತುಂಡಿನಲ್ಲಿ ಮಾತ್ರ ಇದ್ದರೆ, ಆ ತುಂಡಿಗಷ್ಟೇ ಭಾರಿ ಡೋಸ್ ಕೊಡುವ ಸೆಗ್ಮೆಂಟ್ ಚಿಕಿತ್ಸೆ ಬಹಳ ಒಳ್ಳೆಯ ಆಯ್ಕೆ.

ಲುಟೇಷಿಯಂ, ಅಂದರೆ ಪಿಆರ್‌ಆರ್‌ಟಿ

ರಿಸೆಪ್ಟರ್ ಹುಡುಕಿಕೊಂಡು ಹೋಗುವ ಪೆಪ್ಟೈಡ್‌ಗೆ ಲುಟೇಷಿಯಂ-177 ಕಟ್ಟಿ ಡ್ರಿಪ್‌ನಲ್ಲಿ ಕೊಡುತ್ತಾರೆ. 200 ಮಿಲಿಕ್ಯೂರಿ, ಎಂಟು ವಾರಕ್ಕೊಮ್ಮೆ, ನಾಲ್ಕು ಸಲ. ಲಿವರ್, ಮೂಳೆ, ಲಿಂಫ್ ಗಂಟು, ಎಲ್ಲಿದ್ದರೂ ತಲುಪುತ್ತದೆ. ಕಾಯಿಲೆ ಲಿವರ್‌ನ ಹೊರಗೂ ಇದ್ದು ಡೋಟಾದಲ್ಲಿ ಚೆನ್ನಾಗಿ ಬೆಳಗಿದರೆ ವೈ-90 ಇದಕ್ಕೆ ಸಾಟಿಯಲ್ಲ. ಕೆಐ-67 10ರಿಂದ 55ರ ನಡುವಿನ ರೋಗಿಗಳಿಗೆ ಮೊದಲ ಚಿಕಿತ್ಸೆಯಾಗಿಯೇ ಕೊಟ್ಟ ನೆಟ್ಟರ್-2 ಪ್ರಯೋಗದಲ್ಲಿ ಕಾಯಿಲೆ ತಡೆದ ಅವಧಿ 22.8 ತಿಂಗಳು, ಬರೀ ಆಕ್ಟ್ರಿಯೋಟೈಡ್ ಪಡೆದವರಲ್ಲಿ 8.5 ತಿಂಗಳು, ಗಡ್ಡೆ ಕುಗ್ಗಿದ್ದು ಶೇ 43 ಮಂದಿಗೆ.

ಕಿಡ್ನಿ ಕಾಪಾಡಲು ಅರ್ಜಿನಿನ್-ಲೈಸಿನ್ ಎಂಬ ಅಮೈನೊ ಆಮ್ಲದ ಡ್ರಿಪ್ ಜೊತೆಗೇ ನಾಲ್ಕು ಗಂಟೆ ಓಡುತ್ತದೆ. ವಾಂತಿ ಬರುವುದು ಹೆಚ್ಚಾಗಿ ಇದರಿಂದಲೇ. ಕ್ರಿಯೇಟಿನಿನ್ ಏರಿರುವವರು, ಹಳೆಯ ಸಕ್ಕರೆ ಕಾಯಿಲೆಯವರು ಮೊದಲೇ ಕಿಡ್ನಿ ಲೆಕ್ಕ ಮಾಡಿಸಬೇಕು. ಪ್ಲೇಟ್‌ಲೆಟ್, ಬಿಳಿ ರಕ್ತಕಣ ಕೆಲವು ವಾರ ಇಳಿಯುತ್ತವೆ. ನೂರಕ್ಕೆ ಸುಮಾರು ಇಬ್ಬರಿಗೆ ವರ್ಷಗಳ ಮೇಲೆ ಮೂಳೆಮಜ್ಜೆಯ ಗಂಭೀರ ಕಾಯಿಲೆ ಬರಬಹುದು. ಎಲ್‌ಎಆರ್ ಇಂಜೆಕ್ಷನ್ ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ನಿನ್ನೆ ಹಾಕಿಸಿಕೊಂಡು ಇವತ್ತು ಹೋದರೆ ರಿಸೆಪ್ಟರ್‌ಗಳು ಭರ್ತಿಯಾಗಿ ಲುಟೇಷಿಯಂಗೆ ಜಾಗ ಇರುವುದಿಲ್ಲ.

ಮಿತಿಯೂ ಇದೆ. ಲಿವರ್‌ನಲ್ಲಿ ಒಂದು ಗಡ್ಡೆ ಬಹಳ ದೊಡ್ಡದಾಗಿದ್ದರೆ ಲುಟೇಷಿಯಂ ಅದನ್ನು ಪೂರ್ತಿ ಮುಟ್ಟುವುದು ಕಷ್ಟ, ಅದರ ಕಿರಣದ ದೂರ ವೈ-90ಗಿಂತ ಕಡಿಮೆ. ಅಂಥ ಕಡೆ ಲುಟೇಷಿಯಂ ಮುಗಿಸಿ ಉಳಿದ ಲಿವರ್ ಗಡ್ಡೆಗೆ ರೇಡಿಯೋಎಂಬೊಲೈಸೇಷನ್ ಎಂಬ ಜೋಡಿ ಯೋಚನೆ ಇದೆ. ಹೋಲ್ಮಿಯಂ-166 ಕಣ ಬಳಸಿದ ಹೆಪಾರ್ ಪ್ಲಸ್ ಎಂಬ ಸಣ್ಣ ಅಧ್ಯಯನದಲ್ಲಿ ಮೂರು ತಿಂಗಳಿಗೆ ಶೇ 43 ಮಂದಿಯ ಲಿವರ್ ಗಡ್ಡೆ ಕುಗ್ಗಿತ್ತು. ಎರಡೂ ವಿಕಿರಣಗಳ ಮೊತ್ತ ಲಿವರ್ ಮೇಲೆ ಬೀಳುವುದರಿಂದ ಇದನ್ನು ಎರಡರಲ್ಲೂ ಅನುಭವ ಇರುವ ಕಡೆ ಮಾತ್ರ ಮಾಡಿಸಿ.

ಮಾತ್ರೆಗಳು ಮತ್ತು ಆಪರೇಷನ್, ಚುಟುಕಾಗಿ

ಎಲ್ಲ ಗಡ್ಡೆಯನ್ನೂ ತೆಗೆಯಲು ಸಾಧ್ಯ ಎಂದು ಅನುಭವಿ ಲಿವರ್ ಸರ್ಜನ್ ಹೇಳಿದರೆ ಮೊದಲು ಅದನ್ನೇ ಕೇಳಿ. ಎವರೊಲಿಮಸ್ 10 ಮಿಲಿಗ್ರಾಂ ದಿನಕ್ಕೊಂದು; ಪ್ಯಾಂಕ್ರಿಯಾಸ್ ಗಡ್ಡೆಯಲ್ಲಿ ಕಾಯಿಲೆಯನ್ನು 11 ತಿಂಗಳು ತಡೆಯಿತು, ಖಾಲಿ ಮಾತ್ರೆ 4.6 ತಿಂಗಳು. ಬಾಯಿಹುಣ್ಣು ಬರುತ್ತದೆ, ಸಕ್ಕರೆ ಏರುತ್ತದೆ. ಪ್ಯಾಂಕ್ರಿಯಾಸ್‌ನಿಂದ ಹುಟ್ಟಿದ ಗಡ್ಡೆಗೆ ಕೇಪ್‌ಸಿಟಾಬಿನ್-ಟೆಮೊಜೊಲೊಮೈಡ್ ಜೋಡಿ ಮಾತ್ರೆಯನ್ನು ಕಡೆಗಣಿಸಬೇಡಿ: ಇ2211 ಪ್ರಯೋಗದಲ್ಲಿ ಕಾಯಿಲೆ ತಡೆದ ಅವಧಿ 22.7 ತಿಂಗಳು, ಶೇ 40 ಮಂದಿಗೆ ಗಡ್ಡೆ ಕುಗ್ಗಿತ್ತು. ಜೆನೆರಿಕ್ ಸಿಗುತ್ತದೆ, ಮನೆಯಲ್ಲೇ ನುಂಗಬಹುದು, ರಕ್ತ ಪರೀಕ್ಷೆ ಊರಲ್ಲೇ ಆಗುತ್ತದೆ. ಬೇಗ ಕುಗ್ಗಿಸಬೇಕು, ಆದರೆ ದುಡ್ಡು ಬಿಗಿ ಇದೆ ಅನ್ನುವವರಿಗೆ ಇದು ಮೊದಲ ಸಾಲಿನ ಆಯ್ಕೆ.

ಹಾಗಾದರೆ ಯಾರಿಗೆ ಯಾವುದು

ಗ್ರೇಡ್ 1, ಗಡ್ಡೆಯ ಪಾಲು ಕಾಲು ಭಾಗಕ್ಕಿಂತ ಕಡಿಮೆ, ಲಕ್ಷಣ ಇಲ್ಲ: ತಿಂಗಳ ಇಂಜೆಕ್ಷನ್, ಮೂರರಿಂದ ಆರು ತಿಂಗಳಿಗೆ ಸ್ಕ್ಯಾನ್. ಬೇರೆ ಯಾವುದಕ್ಕೂ ಅವಸರ ಬೇಡ.

ಇಂಜೆಕ್ಷನ್ ಮೇಲೆ ಇದ್ದರೂ ಬೆಳೆಯುತ್ತಿದೆ, ಡೋಟಾದಲ್ಲಿ ಬೆಳಗುತ್ತದೆ, ಮೂಳೆಯಲ್ಲೂ ಇದೆ: ಲುಟೇಷಿಯಂ.

ಕಾಯಿಲೆ ಲಿವರ್‌ನಲ್ಲೇ, ಒಂದು ಭಾಗದಲ್ಲೇ, ಡೋಟಾ ಮಂಕು ಅಥವಾ ಕಿಡ್ನಿ ದುರ್ಬಲ: ವೈ-90. ಕಾಂಟ್ರಾಸ್ಟ್ ಕಿಡ್ನಿಗೆ ಭಾರ ಎಂಬುದನ್ನು ಮೊದಲೇ ತಿಳಿಸಿರಿ. ದುಡ್ಡು ಸಾಲದಿದ್ದರೆ ಬ್ಲ್ಯಾಂಡ್ ಅಥವಾ ಟೇಸ್ ಮಾಡಿಸಿ. ಆಯಸ್ಸಿನಲ್ಲಿ ಕಡಿಮೆ ಎಂದು ಯಾರೂ ತೋರಿಸಿಲ್ಲ, ನೋವಿನಲ್ಲಿ ಹೆಚ್ಚು ಅಷ್ಟೆ.

ಭೇದಿ ನಿಲ್ಲುತ್ತಿಲ್ಲ, ಇಂಜೆಕ್ಷನ್‌ಗೂ ಬಗ್ಗುತ್ತಿಲ್ಲ, ವಾರಗಳಲ್ಲಿ ಇಳಿಯಬೇಕು: ಬ್ಲ್ಯಾಂಡ್ ಅಥವಾ ಟೇಸ್. ವೈ-90 ಕೂಡ ಹೆಚ್ಚಿನವರಲ್ಲಿ ಲಕ್ಷಣ ತಗ್ಗಿಸುತ್ತದೆ, ಆದರೆ ನಿಧಾನ.

ಮುಕ್ಕಾಲು ಲಿವರ್ ಗಡ್ಡೆ, ಬಿಲಿರುಬಿನ್ ಏರುತ್ತಿದೆ: ಲಿವರ್ ರಕ್ತನಾಳಕ್ಕೆ ಕೈ ಹಾಕುವ ಯಾವುದೂ ಅಪಾಯವೇ. ಇಲ್ಲಿ ಔಷಧಿ, ನೋವು ನಿವಾರಣೆ, ಪ್ಯಾಲಿಯೇಟಿವ್ ಆರೈಕೆ. ‘ಏನಾದರೂ ಮಾಡಿ’ ಎಂಬ ಒತ್ತಡಕ್ಕೆ ಮಣಿದು ಲಕ್ಷಗಟ್ಟಲೆ ಸುರಿಯುವುದು ಹೆಚ್ಚಾಗಿ ಈ ಹಂತದಲ್ಲೇ.

ದುಡ್ಡು, ದೂರ, ಬಸ್ಸು

ವೈ-90ಗೆ ಒಮ್ಮೆಗೆ ಹಲವು ಲಕ್ಷ ಬೇಕು, ಅದರಲ್ಲಿ ದೊಡ್ಡ ಪಾಲು ಕಣಗಳದ್ದೇ. ಮುಂಬೈನ ಬಿಎಆರ್‌ಸಿ ಸ್ವದೇಶಿ ಗಾಜಿನ ಕಣ ಅಭಿವೃದ್ಧಿಪಡಿಸಿದೆ; ನಿಮ್ಮ ಕೇಂದ್ರದಲ್ಲಿ ಅದು ಬಳಕೆಯಲ್ಲಿದೆಯೇ, ದರ ಎಷ್ಟು ಕೇಳಿ. ಲುಟೇಷಿಯಂ-177 ಟ್ರಾಂಬೆಯ ರಿಯಾಕ್ಟರ್‌ನಲ್ಲೇ ತಯಾರಾಗುತ್ತದೆ. ತಿಂಗಳ ಇಂಜೆಕ್ಷನ್ ಒಂದು ಸಲಕ್ಕೆ ಅಗ್ಗ ಅನಿಸಿದರೂ ಐದು ವರ್ಷಕ್ಕೆ ಗುಣಿಸಿ ನೋಡಿ.

ವೈ-90 ಡೋಸ್ ನಿಮ್ಮ ಹೆಸರಿಗೆ, ಒಂದು ನಿಗದಿತ ದಿನಕ್ಕೆ ಬರುತ್ತದೆ. ಎರಡೂವರೆ ದಿನಕ್ಕೆ ಅದರ ಬಲ ಅರ್ಧಕ್ಕೆ ಇಳಿಯುವುದರಿಂದ ಮುಂದಿನ ವಾರಕ್ಕೆ ಎತ್ತಿಡುವಂತಿಲ್ಲ. ಜ್ವರ ಬಂದು ದಿನ ತಪ್ಪಿದರೆ ಡೋಸ್ ವ್ಯರ್ಥ, ದುಡ್ಡು ಯಾರ ತಲೆಗೆ ಎಂಬುದನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸಹಕಾರ ಸಂಘದ, ಹಾಲಿನ ಡೈರಿಯ ಸದಸ್ಯರಿಗೆ ಯಶಸ್ವಿನಿ. ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ‘ಕ್ಯಾನ್ಸರ್‌ಗೆ ಇದೆಯಾ’ ಎಂದು ಕೇಳಬೇಡಿ, ಇದೇ ಪ್ರೊಸೀಜರ್‌ನ ಹೆಸರು ಹೇಳಿ ಪ್ಯಾಕೇಜ್ ಪಟ್ಟಿಯಲ್ಲಿ ಹುಡುಕಿಸಿ. ರೆಫರಲ್ ಬೇಕೆಂದರೆ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್‌ನಿಂದ ಮೊದಲೇ ಬರೆಸಿಕೊಳ್ಳಿ. ಬೆಂಗಳೂರಿಗೆ ಹೋಗಿ ಕೂತಮೇಲೆ ಅದಕ್ಕಾಗಿ ವಾಪಸ್ ಓಡುವುದು ತಪ್ಪುತ್ತದೆ.

ಲುಟೇಷಿಯಂ ಆದ ದಿನವೇ ಬೆಂಗಳೂರಿನಿಂದ ಬಸ್ಸಿನಲ್ಲಿ ಒತ್ತಿಕೊಂಡು ಬರಬೇಡಿ. ಪಕ್ಕದ ಸೀಟಿನಲ್ಲಿ ಗರ್ಭಿಣಿಯೋ ಮಗುವೋ ಇರಬಹುದು. ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು ಬನ್ನಿ. ಮೂತ್ರದಲ್ಲಿ ವಿಕಿರಣ ಹೋಗುವುದರಿಂದ ಗಂಡಸರೂ ಕೂತೇ ಮಾಡಬೇಕು, ಎರಡು ಸಲ ನೀರು ಹಾಕಬೇಕು, ಮೊಮ್ಮಕ್ಕಳನ್ನು ಒಂದು ವಾರ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ವೈ-90 ಆದವರಿಗೆ ಕಟ್ಟುಪಾಡು ಕಡಿಮೆ, ಆಸ್ಪತ್ರೆ ಕೊಡುವ ಚೀಟಿಯಂತೆ ನಡೆದರೆ ಸಾಕು. ವಿಮಾನದಲ್ಲಿ ಹೋಗುವುದಿದ್ದರೆ ಆ ಚೀಟಿ ಜೇಬಿನಲ್ಲಿರಲಿ, ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಕೂಗಬಹುದು.

ವೈ-90 ಆಗಿ ಊರಿಗೆ ಬಂದ ನಂತರ ಎರಡು ವಾರಕ್ಕೊಮ್ಮೆ ಬಿಲಿರುಬಿನ್, ಆಲ್ಬುಮಿನ್ ಮಾಡಿಸಿ ಎರಡು ತಿಂಗಳು ಬರೆದಿಡಿ. ಕಣ್ಣು ಹಳದಿಯಾದರೆ ನಾಟಿ ಔಷಧಕ್ಕೆ ಹೋಗಬೇಡಿ. ಮೈಸೂರಿನಲ್ಲೋ ಮಂಡ್ಯದಲ್ಲೋ ಯಾವ ಎಮರ್ಜೆನ್ಸಿಗೆ ಹೋದರೂ ಮೊದಲ ವಾಕ್ಯದಲ್ಲೇ ‘ಇಂಥ ತಾರೀಕು ಲಿವರ್‌ಗೆ ವೈ-90 ಆಗಿದೆ’ ಎಂದು ಹೇಳಿ, ಮಾಡಿದ ರೇಡಿಯಾಲಜಿಸ್ಟ್‌ನ ನಂಬರ್ ಕೊಡಿ.